ಶ್ಯಾಡೋ ಟೀಚರ್ ಇಡುವ ಮುಂಚೆ ಇದನ್ನೊಮ್ಮೆ ಓದಿ

ನನ್ನ ಮಗನಿಗೆ ಏಳು ವರ್ಷ. ಆಟಿಸಂ ಇದೆ. ಹೋದ ವರ್ಷ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಸೇರಿಸಿದೆವು. ಹದಿನೈದೇ ದಿನಕ್ಕೆ ಫೋನ್ ಬಂತು. "ಶ್ಯಾಡೋ ಟೀಚರ್ ಇದ್ರೆ ಮಾತ್ರ ಕ್ಲಾಸಲ್ಲಿ ಕೂರಿಸ್ಕೊಳ್ತೀವಿ, ಖರ್ಚು ನಿಮ್ದೇ" ಅಂದರು. ಶ್ಯಾಡೋ ಟೀಚರ್ ಅಂದರೆ ಕ್ಲಾಸಿನಲ್ಲಿ ಒಂದು ಮಗುವಿನ ಪಕ್ಕದಲ್ಲೇ ಇದ್ದು ಸಹಾಯ ಮಾಡುವವರು. ಒಬ್ಬರನ್ನು ಶಾಲೆಯವರೇ ಗೊತ್ತು ಮಾಡಿದರು. ಫೀಸಿನ ಮೇಲೆ ತಿಂಗಳಿಗೆ 18,000 ರೂಪಾಯಿ. ಆಫೀಸಿನಲ್ಲಿ ನಗದು ಕೊಡಬೇಕು, ರಸೀದಿ ಇಲ್ಲ. ಎಲ್ಲಿ ಸೀಟು ಹೋಗುತ್ತೋ ಅನ್ನೋ ಭಯಕ್ಕೆ ನಾವು ತುಟಿ ಬಿಚ್ಚಲಿಲ್ಲ.

ಎರಡು ತಿಂಗಳು ಎಲ್ಲಾ ಚೆನ್ನಾಗಿದೆ ಅಂದುಕೊಂಡಿದ್ದೆವು. ಶಾಲೆಯಿಂದ ಒಂದೂ ದೂರಿಲ್ಲ, ನೋಟ್‌ಬುಕ್ ಪುಟ ಪುಟವೂ ತುಂಬಿರುತ್ತಿತ್ತು. ಒಂದು ಸಂಜೆ ಬ್ಯಾಗ್ ಖಾಲಿ ಮಾಡುವಾಗ ಅವನ ಪೆನ್ಸಿಲ್ ಕೈಗೆ ಸಿಕ್ಕಿತು. ಜೂನ್‌ನಲ್ಲಿ ನಾನೇ ಚೂಪು ಮಾಡಿ ಕೊಟ್ಟದ್ದು. ಇನ್ನೂ ಅಷ್ಟೇ ಉದ್ದ, ಮೊನೆ ಕೂಡ ಸವೆದಿರಲಿಲ್ಲ. ನೋಟ್‌ಬುಕ್ ಮತ್ತೆ ತೆರೆದು ನೋಡಿದೆ. ದುಂಡಗಿನ ಅಕ್ಷರ, ಒಂದೂ ಗೆರೆ ದಾಟಿಲ್ಲ. ನನ್ನ ಮಗ ಬರೆಯುವ 'ಕ' ಅರ್ಧ ಪುಟ ಹಿಡಿಯುತ್ತದೆ!

ಅದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಊಟದ ವಿಷಯ. ಚಮಚ ಹಿಡಿದು ತಾನೇ ತಿನ್ನುವುದನ್ನು ಥೆರಪಿಯಲ್ಲಿ ಒಂದು ವರ್ಷ ಕಲಿಸಿದ್ದೆವು. ಈಗ ತಟ್ಟೆ ಮುಂದೆ ಬಾಯಿ ತೆರೆದು ಕೂರತೊಡಗಿದ. ಶಾಲೆಯಲ್ಲಿ ಊಟದ ಬಿಡುವು ಮುಗಿಯುವಷ್ಟರಲ್ಲಿ ಡಬ್ಬಿ ಖಾಲಿಯಾಗಬೇಕು ಅಂತ ಆ ಶ್ಯಾಡೋ ಟೀಚರ್ ತುತ್ತು ಮಾಡಿ ತಿನ್ನಿಸುತ್ತಿದ್ದರು. ಅವನು ಅತ್ತರೆ ಕಾರಿಡಾರಿಗೆ ಕರೆದುಕೊಂಡು ಹೋಗಿ ಬೆಲ್ ಹೊಡೆಯುವವರೆಗೆ ಅಲ್ಲೇ ಕೂರಿಸುತ್ತಿದ್ದರಂತೆ. ಕ್ಲಾಸ್ ಟೀಚರ್ ಅವನ ಜೊತೆ ನೇರವಾಗಿ ಮಾತಾಡುವುದನ್ನೇ ಬಿಟ್ಟಿದ್ದರು. ಏನಿದ್ದರೂ ಆಕೆಗೆ ಹೇಳುವುದು.

ಆಕೆಯ ಮೇಲೆ ನನಗೆ ಕೋಪವಿಲ್ಲ. ಬಿ.ಕಾಂ ಓದಿದ ಹುಡುಗಿ, ಒಂದು ದಿನದ ತರಬೇತಿಯನ್ನೂ ಯಾರೂ ಕೊಟ್ಟಿರಲಿಲ್ಲ. "ಗಲಾಟೆ ಆಗದ ಹಾಗೆ ನೋಡ್ಕೊಳ್ಳಿ ಅಂದಿದ್ರು ಮೇಡಂ, ಅಷ್ಟೇ" ಅಂತ ಕಣ್ಣೀರು ಹಾಕಿದಳು. ನಾವು ಕೊಟ್ಟದ್ದರಲ್ಲಿ ಅವಳ ಕೈಸೇರುತ್ತಿದ್ದದ್ದು 10,000.

ಹಾಗಾಗಿ ದಯವಿಟ್ಟು ಮೊದಲೇ ಕೇಳಿ. ನಿಮ್ಮ ಮಗುವಿಗೆ ಅಂತಲೇ ಬರೆದ ಐಇಪಿ, ಅಂದರೆ ವೈಯಕ್ತಿಕ ಕಲಿಕಾ ಯೋಜನೆ, ಇದೆಯಾ? ಸಹಾಯಕಿ ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಮಗುವೇ ಮಾಡಲಿ ಅಂತ ಬಿಡಬೇಕು? ಆ ಸಹಾಯವನ್ನು ಯಾವಾಗಿನಿಂದ ಕಮ್ಮಿ ಮಾಡುತ್ತಾ ಬರುತ್ತಾರೆ? ಬಾಯಿಮಾತು ಬೇಡ, ಬರೆಸಿಕೊಳ್ಳಿ. 'ಸ್ಪೆಷಲ್ ಎಜುಕೇಟರ್' ಅಂತ ಪರಿಚಯಿಸಿದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಸಂಖ್ಯೆ ಕೇಳಿ, ಸಂಕೋಚ ಬೇಡ. ಆಗಾಗ ಕ್ಲಾಸಿನ ಹಿಂದೆ ಕೂತು ನೋಡಲು ಬಿಡದ ಶಾಲೆಯಾದರೆ ಅಲ್ಲೇ ಅನುಮಾನ ಪಡಿ.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಇದೆ. ಮಗುವಿಗೆ ಬೇಕಾದ ಬೆಂಬಲ ಕೊಡುವ ವಿಷಯ ಅದರ 16ನೇ ಸೆಕ್ಷನ್‌ನಲ್ಲಿದೆ. ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗಳನ್ನೂ ಅದು ಬಿಟ್ಟಿಲ್ಲ. ನನಗೆ ಇದು ಗೊತ್ತಾಗಿದ್ದು ಮಗನನ್ನು ಆ ಶಾಲೆ ಬಿಡಿಸಿದ ಮೇಲೆ. ಆಮೇಲೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಲು ಕೂತೆ. ಐದು ತಿಂಗಳು ಕೊಟ್ಟ 90,000 ರೂಪಾಯಿಗೆ ಲಗತ್ತಿಸಲು ಒಂದು ಚೀಟಿಯೂ ಇರಲಿಲ್ಲ. ನೀವು ಕೊಡುವ ಪ್ರತಿ ರೂಪಾಯಿಯನ್ನೂ ಬ್ಯಾಂಕ್ ಮೂಲಕವೇ ಕೊಡಿ.