ಮ್ಯೂಸಿಯಂನ ಟರಾಂಟುಲಾ ಕಾರ್ಯಕ್ರಮ: ಆ ಪೊರೆ ನೋಡೋಕಾದರೂ ಮಕ್ಕಳನ್ನು ಕರೆದುಕೊಂಡು ಹೋಗಿ

ನನ್ನ ಮಗಳಿಗೆ 8 ವರ್ಷ. ಬಚ್ಚಲಲ್ಲಿ ಸಣ್ಣ ಜೇಡ ಕಂಡರೂ ಕಿರುಚಿಕೊಂಡು ಓಡಿ ಬರುತ್ತಾಳೆ. ಅವಳನ್ನು ಮ್ಯೂಸಿಯಂನಲ್ಲಿ ಮಕ್ಕಳಿಗಾಗಿ ನಡೆಸುವ ಒಂದು ಗಂಟೆಯ ಟರಾಂಟುಲಾ (ಮೈತುಂಬಾ ರೋಮವಿರುವ ದೊಡ್ಡ ಜೇಡ) ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ತುಂಬಾ ಇಷ್ಟವಾಯಿತು. ಎರಡು ವಿಷಯಕ್ಕೆ ಮಾತ್ರ ಬೇಜಾರಾಯಿತು, ಅದನ್ನೂ ಹೇಳುತ್ತೇನೆ.

ಹೇಳಿಕೊಡುತ್ತಿದ್ದ ಹುಡುಗಿ ಜೀವಂತ ಜೇಡವನ್ನು ಮೊದಲೇ ತೋರಿಸಲಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದು ಬಿಟ್ಟ ಪೊರೆ ಇಟ್ಟು, ಜೊತೆಗೊಂದು ಭೂತಗನ್ನಡಿ ಕೊಟ್ಟು, ಸಾಲಾಗಿ ಎಲ್ಲರ ಕೈಗೂ ದಾಟಿಸಿದರು. ನಾನೂ ನೋಡಿದೆ. ಈರುಳ್ಳಿ ಸಿಪ್ಪೆಯಷ್ಟು ಹಗುರ ಅನ್ನಿಸುತ್ತದೆ. ಬೆನ್ನಿನ ಭಾಗ ಮುಚ್ಚಳದ ಹಾಗೆ ತೆರೆದುಕೊಂಡಿದೆ, ಎಂಟೂ ಕಾಲು ಖಾಲಿ ಕೊಳವೆ, ಮೇಲಿನ ರೋಮ ಹಾಗೇ ಇದೆ, ಕೋರೆಹಲ್ಲಿನ ಕಪ್ಪು ಕವಚ ಕೂಡ! ಡಬ್ಬಿ ತೆಗೆಯಲು ಮಾತ್ರ ಬಿಡಲಿಲ್ಲ. ಅಮೆರಿಕ ಖಂಡಗಳ ಎಷ್ಟೋ ಟರಾಂಟುಲಾಗಳ ಹೊಟ್ಟೆಯ ಮೇಲೆ ತುರಿಕೆ ರೋಮ ಇರುತ್ತದೆ, ಹೆದರಿದರೆ ಹಿಂಗಾಲಿನಿಂದ ಕೆದರಿ ಹಾರಿಸುತ್ತವೆ, ಪೊರೆಯಲ್ಲೂ ಆ ರೋಮ ಉಳಿದಿರುತ್ತದಂತೆ.

"ಅಕ್ಕಾ, ಇದು ಸತ್ತುಹೋಗಿದ್ಯಾ?" ಅಂತ ಒಬ್ಬ ಪುಟ್ಟ ಹುಡುಗ ಕೇಳಿದ.

"ಇಲ್ಲ ಪುಟ್ಟಾ, ಇದರ ಒಳಗಿದ್ದವಳು ಅಲ್ಲಿ ಕೂತಿದ್ದಾಳೆ ನೋಡು."

ಆಗ ಗಾಜಿನ ಪೆಟ್ಟಿಗೆಯ ಮೇಲಿನ ಬಟ್ಟೆ ತೆಗೆದರು. ಚಿಲಿ ದೇಶದ ರೋಸ್ ಟರಾಂಟುಲಾ, ಹೆಣ್ಣು. ಪೊರೆ ಬಿಡುವಾಗ ಅಂಗಾತ ಮಲಗುತ್ತದೆ, ಗೊತ್ತಿಲ್ಲದವರು ಸತ್ತಿದೆ ಅಂತ ಎಸೆದೇಬಿಡುತ್ತಾರೆ ಅಂದಾಗ ನನ್ನ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಕಾಲು ಮುರಿದಿದ್ದರೆ ಪೊರೆ ಬಿಟ್ಟಾಗ ಮತ್ತೆ ಬೆಳೆಯುತ್ತದೆ. ಹೆಣ್ಣು 20 ವರ್ಷಕ್ಕಿಂತ ಜಾಸ್ತಿ ಬದುಕಬಹುದು, ಗಂಡಿನ ಆಯಸ್ಸು ಬಹಳ ಕಡಿಮೆ.

ಕೈ ಮೇಲೆ ಬಿಟ್ಟುಕೊಂಡು ಫೋಟೋ ತೆಗೆಸಬಹುದಾ ಅಂತ ಕೆಲವು ಅಪ್ಪ ಅಮ್ಮಂದಿರು ಕೇಳಿದರು. ಖಡಾಖಂಡಿತ ಇಲ್ಲ ಅಂದರು, ನನಗೆ ಅದೇ ಸರಿ ಅನ್ನಿಸಿತು. ಸ್ವಲ್ಪ ಎತ್ತರದಿಂದ ಬಿದ್ದರೂ ಅದರ ಹೊಟ್ಟೆ ಒಡೆದು ಸಾಯಬಹುದು. ಕಚ್ಚಿದರೆ ನಮಗೆ ನೋವಾಗುತ್ತದೆ, ಕೆಲವು ಜಾತಿಗಳದ್ದು ಜೋರಾಗಿಯೇ, ಆದರೆ ಜನರನ್ನು ಹುಡುಕಿಕೊಂಡು ಬಂದು ಕಚ್ಚುವ ಪ್ರಾಣಿ ಇದಲ್ಲ. ಎಂಟು ಕಣ್ಣಿದ್ದರೂ ಸರಿಯಾಗಿ ಕಾಣಿಸುವುದಿಲ್ಲ. ನೆಲ ಅದುರುವುದನ್ನು ಕಾಲಿನ ರೋಮದಿಂದಲೇ ತಿಳಿದುಕೊಂಡು ಬೇಟೆ ಹಿಡಿಯುತ್ತದೆ.

ಕೊನೆಗೆ ನೀಲಿ ಟರಾಂಟುಲಾದ ಚಿತ್ರ ತೋರಿಸಿದರು. ಆಂಧ್ರದ ಗುತ್ತಿಯಲ್ಲಿ ಸಿಕ್ಕಿದ ಇದನ್ನು 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಮೊದಲು ವಿವರಿಸಿದರಂತೆ. ಮರದ ಪೊಟರೆಯಲ್ಲಿ ಇರುತ್ತದೆ, ಮರ ಕಡಿದರೆ ಮನೆಯೇ ಹೋಯಿತು ಅಲ್ವಾ? ಈಗ ಅಳಿವಿನಂಚಿನಲ್ಲಿದೆ. ಇದಕ್ಕೆ ಐದೇ ನಿಮಿಷ ಕೊಟ್ಟರು, ಇನ್ನೂ ಸ್ವಲ್ಪ ಹೇಳಬೇಕಿತ್ತು.

ಈಗ ಬೇಜಾರಿನ ವಿಷಯ. ಒಂದೇ ಪೆಟ್ಟಿಗೆಗೆ ಸುಮಾರು 30 ಮಕ್ಕಳು. ಹಿಂದಿದ್ದವರಿಗೆ ಕಾಣದೆ ನುಗ್ಗಾಟ ಶುರುವಾಯಿತು, ಇಬ್ಬರು ಮೂವರು ಗಾಜು ಬಡಿಯುತ್ತಲೇ ಇದ್ದರು. ಅದುರಿಕೆಯಿಂದಲೇ ಬದುಕುವ ಪ್ರಾಣಿಗೆ ಅದೆಷ್ಟು ಹಿಂಸೆ! ಹೇಳಿಕೊಡುವವರು ಒಬ್ಬರೇ, ತಡೆಯಲು ಇನ್ನೊಬ್ಬರು ಇರಲೇಬೇಕಿತ್ತು. ಎರಡನೆಯದು, ಹೊರಗೆ ಬರುವ ದಾರಿಯಲ್ಲಿರುವ ಅಂಗಡಿ. ಅಲ್ಲಿ ಕೆಂಪು ಕಣ್ಣಿನ, ಬಾಯಲ್ಲಿ ರಕ್ತ ಸುರಿಯುವ ರಬ್ಬರ್ ಜೇಡ ನೇತುಹಾಕಿದ್ದಾರೆ. ಒಳಗೆ ಒಂದು ಗಂಟೆ ಕಷ್ಟಪಟ್ಟು ಭಯ ಬಿಡಿಸಿ, ಬಾಗಿಲಲ್ಲೇ ಅದನ್ನು ಮತ್ತೆ ಮಾರುವುದು ತಪ್ಪು. ದಯವಿಟ್ಟು ತೆಗೆಯಿರಿ ಅಂತ ಅಭಿಪ್ರಾಯದ ಪುಸ್ತಕದಲ್ಲಿ ಬರೆದು ಬಂದಿದ್ದೇನೆ.

ಹೋಗುವವರು ಹತ್ತು ನಿಮಿಷ ಮುಂಚೆ ಹೋಗಿ ಮುಂದಿನ ಸಾಲಲ್ಲೇ ಕೂರಿ. 5 ವರ್ಷದೊಳಗಿನ ಮಕ್ಕಳಿಗೆ ಅಷ್ಟು ಹೊತ್ತು ಸುಮ್ನೆ ಕೂರುವುದು ಕಷ್ಟ. ಮನೆಯಲ್ಲಿ ಭೂತಗನ್ನಡಿ ಇದ್ದರೆ ತೆಗೆದುಕೊಂಡು ಹೋಗಿ. ಅಲ್ಲಿರುವುದು ಒಂದೇ, ನಿಮ್ಮ ಮಗುವಿನ ಕೈಗೆ ಬರುವಷ್ಟರಲ್ಲಿ ಡಬ್ಬಿ ಮುಂದಕ್ಕೆ ಹೋಗಿರುತ್ತದೆ.