ಒರಾಕಲ್‌ನ ಎಕ್ಸಿಕ್ಯೂಟ್ ಇಮೀಡಿಯೆಟ್: ಮೌಲ್ಯಗಳಿಗೆ ರಕ್ಷಣೆ ಇದೆ, ಹೆಸರುಗಳಿಗೆ ನಾವೇ ಹೊಣೆ

ಪ್ರೋಗ್ರಾಂ ಓಡುತ್ತಿರುವಾಗಲೇ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಆದೇಶ ಕೊಡುವ ಭಾಷೆ) ಸ್ಟೇಟ್‌ಮೆಂಟನ್ನು ಸ್ಟ್ರಿಂಗ್ ರೂಪದಲ್ಲಿ, ಅಂದರೆ ಪಠ್ಯವಾಗಿ, ಕಟ್ಟಿ ಚಲಾಯಿಸಲು ಒರಾಕಲ್ ಡೇಟಾಬೇಸಿನ ಪಿಎಲ್/ಎಸ್‌ಕ್ಯೂಎಲ್ ಭಾಷೆ ಒದಗಿಸಿರುವ ಸೌಲಭ್ಯವೇ ಎಕ್ಸಿಕ್ಯೂಟ್ ಇಮೀಡಿಯೆಟ್. ಯಾವ ಟೇಬಲ್ ಮೇಲೆ ಕೆಲಸ ಮಾಡಬೇಕೆಂಬುದು ಮೊದಲೇ ತಿಳಿದಿರದಿದ್ದಾಗ ಇದು ಬೇಕೇ ಬೇಕು; ಟೇಬಲ್ ರಚಿಸುವ, ಅಳಿಸುವ, ಖಾಲಿ ಮಾಡುವ ಕ್ರಿಯೇಟ್, ಡ್ರಾಪ್, ಟ್ರಂಕೇಟ್‌ಗಳನ್ನು ಪ್ರೊಸೀಜರ್ ಒಳಗೆ ನೇರವಾಗಿ ಬರೆದರೆ ಕಂಪೈಲ್ ಆಗುವುದಿಲ್ಲವಾದ್ದರಿಂದ ಅಲ್ಲಿಯೂ ಇದನ್ನೇ ಆಶ್ರಯಿಸಬೇಕು.

ಒರಾಕಲ್ 8ಐ ಆವೃತ್ತಿಯಲ್ಲಿ ಇದು ಬರುವ ಮೊದಲು ಡಿಬಿಎಂಎಸ್_ಎಸ್‌ಕ್ಯೂಎಲ್ ಪ್ಯಾಕೇಜ್ ಬಳಸಿ ಕರ್ಸರ್ (ಸ್ಟೇಟ್‌ಮೆಂಟನ್ನು ನಡೆಸುವ ಹಿಡಿಕೆ) ತೆರೆದು, ಪಾರ್ಸ್ ಮಾಡಿಸಿ (ಅದರ ಅರ್ಥ ಬಿಡಿಸಿ), ಬೈಂಡ್ ಮಾಡಿ (ಮೌಲ್ಯಗಳನ್ನು ಜೋಡಿಸಿ), ಚಲಾಯಿಸಿ, ಕೊನೆಗೆ ಮುಚ್ಚುವವರೆಗೂ ಪ್ರತಿ ಹೆಜ್ಜೆಯನ್ನೂ ಬಿಡಿಬಿಡಿಯಾಗಿ ಬರೆಯಬೇಕಿತ್ತು. ಈಗ ಒಂದೇ ಸಾಲು ಸಾಕು. ಈ ಸರಳತೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಇದರ ನಿಜವಾದ ಬಲವಿರುವುದು ಯೂಸಿಂಗ್ ಎಂಬ ಭಾಗದಲ್ಲಿ. ಒಂದು ವಿಭಾಗದ ನೌಕರರನ್ನು ಎಣಿಸುವ ಕ್ವೆರಿಯನ್ನು ಗಮನಿಸಿ: ವಿಭಾಗದ ಸಂಖ್ಯೆಯನ್ನು ಸ್ಟ್ರಿಂಗ್‌ಗೇ ಅಂಟಿಸಿದರೆ ಹತ್ತನೇ ವಿಭಾಗಕ್ಕೊಂದು, ಇಪ್ಪತ್ತನೇ ವಿಭಾಗಕ್ಕೊಂದು ಎಂದು ಪ್ರತಿ ಮೌಲ್ಯಕ್ಕೂ ಬೇರೆಯದೇ ಸ್ಟೇಟ್‌ಮೆಂಟ್ ಹುಟ್ಟಿ, ಡೇಟಾಬೇಸ್ ಸಾಮಾನ್ಯವಾಗಿ ಪ್ರತಿಯೊಂದನ್ನೂ ಹೊಸದಾಗಿ ಪಾರ್ಸ್ ಮಾಡಬೇಕಾಗುತ್ತದೆ. ಅದರ ಬದಲು ಆ ಜಾಗದಲ್ಲಿ ':1' ಎಂದು ಬರೆದು ಸಂಖ್ಯೆಯನ್ನು ಯೂಸಿಂಗ್ ಮೂಲಕ ಕಳುಹಿಸಿದರೆ ಸ್ಟೇಟ್‌ಮೆಂಟಿನ ಪಠ್ಯ ಬದಲಾಗುವುದಿಲ್ಲ, ಷೇರ್ಡ್ ಪೂಲ್‌ನಲ್ಲಿರುವ (ಪಾರ್ಸ್ ಆದ ಸ್ಟೇಟ್‌ಮೆಂಟ್‌ಗಳನ್ನು ಇಡುವ ಹಂಚಿಕೆಯ ಮೆಮೊರಿಯಲ್ಲಿರುವ) ಕರ್ಸರ್ ಮರುಬಳಕೆಯಾಗುತ್ತದೆ, ಮತ್ತು ಬಳಕೆದಾರ ಏನನ್ನೇ ಟೈಪ್ ಮಾಡಿದರೂ ಅದು ಬರಿಯ ಮೌಲ್ಯವಾಗಿಯೇ ಉಳಿಯುವುದರಿಂದ ಎಸ್‌ಕ್ಯೂಎಲ್ ಇಂಜೆಕ್ಷನ್‌ಗೆ (ಇನ್‌ಪುಟ್‌ನಲ್ಲಿ ಆದೇಶ ತೂರಿಸುವ ದಾಳಿಗೆ) ಆ ದಾರಿಯಲ್ಲಿ ಅವಕಾಶವಿರುವುದಿಲ್ಲ.

ಆದರೆ ಟೇಬಲ್ ಮತ್ತು ಕಾಲಂಗಳ ಹೆಸರುಗಳನ್ನು ಬೈಂಡ್ ಮಾಡಲು ಬರುವುದಿಲ್ಲ. ಅವನ್ನು ಸ್ಟ್ರಿಂಗ್‌ಗೆ ಜೋಡಿಸಲೇಬೇಕು. ನನ್ನ ಮುಖ್ಯ ಆಕ್ಷೇಪವಿರುವುದು ಇಲ್ಲಿಯೇ. ಹೊರಗಿನಿಂದ ಬಂದ ಹೆಸರನ್ನು ಪರೀಕ್ಷಿಸಲು ಡಿಬಿಎಂಎಸ್_ಅಸರ್ಟ್ ಪ್ಯಾಕೇಜ್ ಇದೆಯಾದರೂ ಅದನ್ನು ಕರೆಯುವುದು ಬಿಡುವುದು ಪ್ರೋಗ್ರಾಮರ್‌ಗೆ ಬಿಟ್ಟ ವಿಷಯ. ಮೇಲಾಗಿ ಅದರ ಸಿಂಪಲ್_ಎಸ್‌ಕ್ಯೂಎಲ್_ನೇಮ್ ಹೆಸರಿನ ರೂಪ ಸರಿಯಿದೆಯೇ ಎಂದಷ್ಟೇ ನೋಡುತ್ತದೆ, ಆ ಟೇಬಲನ್ನು ಮುಟ್ಟಲು ಈ ಬಳಕೆದಾರನಿಗೆ ಅವಕಾಶ ಕೊಡಬೇಕೇ ಎಂಬುದನ್ನಲ್ಲ. ಆದ್ದರಿಂದ ಒಪ್ಪಿತ ಹೆಸರುಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಅದರೊಂದಿಗೆ ತಾಳೆ ನೋಡುವುದೇ ಲೇಸು. ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ಫಾರ್ಮ್ಯಾಟ್ ಫಂಕ್ಷನ್‌ನ '%ಐ' ಗುರುತು ಅಗತ್ಯವಿದ್ದಾಗ ಹೆಸರನ್ನು ತಾನೇ ಕೋಟ್ ಮಾಡುತ್ತದೆ. ಸ್ಟ್ರಿಂಗ್ ಕಟ್ಟುವ ಜಾಗದಲ್ಲೇ ರಕ್ಷಣೆ ಸಿಗುವ ಆ ವಿನ್ಯಾಸ ನನಗೆ ಹೆಚ್ಚು ಮೆಚ್ಚುಗೆಯಾಗಿದೆ.

ಹೊಸದಾಗಿ ಬಳಸುವವರು ಎಡವುವ ಕೆಲವು ಜಾಗಗಳನ್ನೂ ಹೇಳಬೇಕು. ಎಸ್‌ಕ್ಯೂಎಲ್ ಸ್ಟೇಟ್‌ಮೆಂಟಿನ ಕೊನೆಯಲ್ಲಿ ಸೆಮಿಕೋಲನ್ ಇರಬಾರದು, ಪಿಎಲ್/ಎಸ್‌ಕ್ಯೂಎಲ್ ಬ್ಲಾಕ್ ಆದರೆ ಇರಲೇಬೇಕು. ಸೆಲೆಕ್ಟ್ ಬರೆದು, ಫಲಿತಾಂಶ ಎಲ್ಲಿ ಸೇರಬೇಕೆಂದು ಹೇಳುವ ಇಂಟೂ ಭಾಗವನ್ನು ಬಿಟ್ಟರೆ ಕ್ವೆರಿ ಓಡುವುದೇ ಇಲ್ಲ, ಆದರೂ ಎರರ್ ಬರುವುದಿಲ್ಲ. ಇಷ್ಟು ಮುಖ್ಯವಾದ ವಿಷಯದಲ್ಲಿ ಈ ಮೌನ ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಇನ್ನು ಡಿಡಿಎಲ್ (ಕ್ರಿಯೇಟ್, ಡ್ರಾಪ್‌ನಂಥ ಸ್ಟೇಟ್‌ಮೆಂಟ್) ಚಲಾಯಿಸಿದರೆ ಅದುವರೆಗಿನ ಬದಲಾವಣೆಗಳೆಲ್ಲವೂ ತಾವಾಗಿಯೇ ಕಮಿಟ್ ಆಗುತ್ತವೆ, ಅಂದರೆ ಖಾಯಂ ಆಗುತ್ತವೆ. ಸ್ಟ್ರಿಂಗ್ ಒಳಗಿನ ತಪ್ಪು ಕಂಪೈಲ್ ಸಮಯದಲ್ಲಿ ಕಾಣುವುದಿಲ್ಲವಾದ್ದರಿಂದ ಕಟ್ಟಿದ ಸ್ಟೇಟ್‌ಮೆಂಟನ್ನು ಒಂದು ವೇರಿಯಬಲ್‌ನಲ್ಲಿಟ್ಟು, ಚಲಾಯಿಸುವ ಮುನ್ನ ಲಾಗ್‌ಗೆ ಬರೆಯುವ ಅಭ್ಯಾಸವನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಫಲಿತಾಂಶದಲ್ಲಿ ಎಷ್ಟು ಕಾಲಂಗಳು, ಯಾವ ಟೈಪಿನವು ಬರುತ್ತವೆಂಬುದೇ ಮೊದಲು ತಿಳಿಯದ ಸಂದರ್ಭಕ್ಕೆ ಮಾತ್ರ ಇದು ಒಗ್ಗುವುದಿಲ್ಲ. ಅಂಥಲ್ಲಿ ಹಳೆಯ ಡಿಬಿಎಂಎಸ್_ಎಸ್‌ಕ್ಯೂಎಲ್ ಇಂದಿಗೂ ಬೇಕು. ಅದರ ಕರ್ಸರನ್ನು ರೆಫ್ ಕರ್ಸರ್ (ಕರ್ಸರನ್ನು ಸೂಚಿಸುವ ವೇರಿಯಬಲ್) ಆಗಿ ಪರಿವರ್ತಿಸುವ ಸೌಲಭ್ಯ 11ಜಿ ಆವೃತ್ತಿಯಿಂದ ಇರುವುದರಿಂದ ಎರಡನ್ನೂ ಒಂದೇ ಪ್ರೋಗ್ರಾಂನಲ್ಲಿ ಹೊಂದಿಸಿಕೊಂಡು ಬಳಸಬಹುದು.