ಲಾನ್ ಬೌಲ್ಸ್: ಮಾರ್ಕರ್ ಆಗುವುದೋ, ಅಂಪೈರ್ ಆಗುವುದೋ?

ಲಾನ್ ಬೌಲ್ಸ್ ಎಂದರೆ ಬೌಲ್ ಎಂಬ ದೊಡ್ಡ ಚೆಂಡುಗಳನ್ನು ಉರುಳಿಸಿ, ಜ್ಯಾಕ್ ಎಂಬ ಪುಟ್ಟ ಗುರಿಚೆಂಡಿನ ಹತ್ತಿರ ನಿಲ್ಲಿಸುವ ಆಟ. ಇದರಲ್ಲಿ ಮಾರ್ಕರ್ ಬೇಕಾಗುವುದು ಸಿಂಗಲ್ಸ್ ಪಂದ್ಯಕ್ಕೆ. ಜ್ಯಾಕ್‌ನ ಹಿಂದೆ, ತುಸು ಪಕ್ಕಕ್ಕೆ ನಿಂತು ಕೊನೆಯವರೆಗೂ ಒಂದೇ ರಿಂಕ್ (ಒಂದು ಪಂದ್ಯ ನಡೆಯುವ ಅಂಕಣದ ಪಟ್ಟಿ) ನೋಡಿಕೊಳ್ಳಬೇಕು. ಜ್ಯಾಕನ್ನು ಮಧ್ಯರೇಖೆಗೆ ತರುವುದು, ಅದು ಮ್ಯಾಟ್ ಗೆರೆಯಿಂದ (ಆಟಗಾರ ನಿಂತು ಬೌಲ್ ಉರುಳಿಸುವ ಚಾಪೆಯ ಮುಂದಿನ ಅಂಚಿನಿಂದ) ಕನಿಷ್ಠ 23 ಮೀಟರ್ ದೂರವಿದೆಯೇ ನೋಡುವುದು, ಜ್ಯಾಕ್ ಮುಟ್ಟಿದ ಬೌಲ್‌ಗೆ ಸೀಮೆಸುಣ್ಣದ ಗುರುತು ಹಾಕುವುದು ಎಲ್ಲವೂ ಅವರದೇ. ಕೇಳಿದ್ದಕ್ಕಷ್ಟೇ ಉತ್ತರ, ಸಲಹೆ ಸಲ್ಲದು. ಆಟ ಬಲ್ಲವರಿಗೆ ಈ ಮೌನವೇ ದೊಡ್ಡ ಶಿಕ್ಷೆ!

ಅಂಪೈರ್ ಹಾಗಲ್ಲ, ಹಲವು ರಿಂಕ್‌ಗಳ ಮೇಲೆ ಕಣ್ಣಿಟ್ಟಿರಬೇಕು. ಯಾವ ಬೌಲ್ ಜ್ಯಾಕ್‌ಗೆ ಹತ್ತಿರ ಎಂದು ಆಟಗಾರರು ಒಪ್ಪದಿದ್ದರೆ ಇವರಿಗೆ ಕರೆ. ಟೇಪ್, ಕ್ಯಾಲಿಪರ್, ವಾಲಿದ ಬೌಲ್‌ಗೆ ಆಸರೆ ಕೊಡುವ ವೆಡ್ಜ್ ಜೇಬಿನಲ್ಲಿರಬೇಕು. ಎಲ್ಲರೂ ನೋಡುತ್ತಿರುವಾಗ ಮಂಡಿಯೂರಿ, ಬೌಲ್ ಕದಲದಂತೆ ಅಳೆಯುವುದಕ್ಕೆ ಗಟ್ಟಿ ಕೈ ಬೇಕು, ಗಟ್ಟಿ ಮಂಡಿಯೂ ಬೇಕು. ಫುಟ್ ಫಾಲ್ಟ್, ಅಂದರೆ ಬೌಲ್ ಉರುಳಿಸುವಾಗ ಮ್ಯಾಟ್ ಮೇಲೆ ಪಾದ ಇಡುವುದರಲ್ಲಾಗುವ ತಪ್ಪು, ಗಮನಿಸುವ ಹೊಣೆಯೂ ಇವರದು.

ಮಾನ್ಯತೆಯ ಕ್ರಮ ದೇಶದಿಂದ ದೇಶಕ್ಕೆ ಬೇರೆ. ಅಂಪೈರ್‌ಗೆ ಸಾಮಾನ್ಯವಾಗಿ ನಿಯಮಗಳ ಲಿಖಿತ ಪರೀಕ್ಷೆಯ ಜೊತೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಮಾರ್ಕರ್ ಹಾದಿ ಹಗುರ. ಹೊಸಬರಾದರೆ ಮೊದಲು ಮಾರ್ಕರ್ ಆಗಿ. ನಿಯಮ ಪುಸ್ತಕವನ್ನು ಖುಷಿಯಿಂದ ಓದುವವರು, ವಾದಕ್ಕೆ ಅಳುಕದವರು ನೇರವಾಗಿ ಅಂಪೈರ್ ತರಬೇತಿಗೇ ಸೇರಬಹುದು.